ಪದಚರ್ಚೆ: ಕ್ಷೌರದ ಕತ್ತಿಯ ‘ಸ್ಟ್ರಾಪ್’ಗೆ ಯಾವ ಪದ?

ಕಾರವಾರದಿಂದ ಪ್ರಶ್ನೆ

ಮಾನ್ಯರೆ,

ಹಳೆಯ ಸಾಣೆಕಲ್ಲುಗಳನ್ನೂ ಕ್ಷೌರದ ಮಡಚುಗತ್ತಿಗಳ ಸಲಕರಣೆಗಳನ್ನೂ ಕೊಂಡು, ಸರಿಪಡಿಸಿ ಮಾರುವ ಇಲ್ಲಿನ ಅಂಗಡಿಯೊಂದಕ್ಕೆ ಫಲಕವನ್ನೂ ಗಿರಾಕಿಗಳಿಗೆ ಕೊಡುವ ಒಂದು ಪುಟದ ಸೂಚನೆಯನ್ನೂ ನಾನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಫಲಕ ಬರೆಯುವವರು ಸೋಮವಾರ ಬರುತ್ತಾರೆ. ಕಲ್ಲಿನ ಮೇಲೆ ಹರಿತವಾದ ಕತ್ತಿಯನ್ನು ಕ್ಷೌರಕ್ಕೆ ಮುನ್ನ ಎಳೆದಾಡುವ, ಗೋಡೆಯ ಕೊಕ್ಕೆಗೆ ತೂಗುಹಾಕಿದ ಚರ್ಮದ ಉದ್ದ ಪಟ್ಟಿಗೆ, ಅಂದರೆ ಸ್ಟ್ರಾಪ್‌ಗೆ, ಏನೆಂದು ಬರೆಯಲಿ? ಅಂಗಡಿಯವರ ಮನೆಮಾತು ಕೊಂಕಣಿ. ಅವರು ‘ಪಟ್ಟೊ’ ಎನ್ನುತ್ತಾರೆ. ‘ಬೆಲ್ಟ್’ ಎಂದರೆ ಸೊಂಟಕ್ಕೆ ಕಟ್ಟುವುದಾಗುತ್ತದೆ. ಇದಲ್ಲದೆ, ಬಹುಕಾಲ ಬಳಸಿ ನಡುವೆ ಕುಳಿಬಿದ್ದ ಕಲ್ಲನ್ನು ಉಜ್ಜಿ ಮತ್ತೆ ಸಮತಲಕ್ಕೆ ತರುವ ಕೆಲಸಕ್ಕೂ ಒಂದು ಕ್ರಿಯಾಪದ ಬೇಕು.

ಶಿರಸಿಯಿಂದ

‘ಮಸೆವಾರು’ ಎಂದು ಬರೆಯಿರಿ. ‘ಮಸೆ’ ಅಚ್ಚಗನ್ನಡ, ತೊಗಲಿನ ಪಟ್ಟಿಗೆ ‘ಬಾರು’ ಎಂಬುದೂ ಅಚ್ಚಗನ್ನಡ. ಮಸೆ ಮತ್ತು ಕಲ್ಲು ಸೇರಿ ಮಸೆಗಲ್ಲಾಗುವಂತೆ ಇಲ್ಲಿ ಬಕಾರಕ್ಕೆ ವಕಾರ ಬರಬೇಕು. ನಮ್ಮ ಸೀಮೆಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನೂ ಮಸೆಯುತ್ತೇವೆಯೇ ಹೊರತು ಸಾಣೆ ಹಿಡಿಸುವುದಿಲ್ಲ. ‘ಸಾಣೆ’ಯು ಸಂಸ್ಕೃತದ ‘ಶಾಣ’ದಿಂದ ಬಂದದ್ದು, ಮಸೆಗಲ್ಲು ಇರುವಾಗ ಅದರ ಹಂಗೇಕೆ? ‘ಕ್ಷೌರಗತ್ತಿ’ ಎಂದು ಬರೆಯುವ ಯೋಚನೆಯಿದ್ದರೆ ಅದು ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ, ಬಿಟ್ಟುಬಿಡಿ. ಸೂಚನೆಯಲ್ಲಿ, ಒಂದು ಬಗೆಯ ಸಾಣೆಕಲ್ಲಿಗೆ ಹೇಳುವ ‘ಕಾರ್ಬೊರಂಡಮ್’ ಎಂಬ ಪರಕೀಯ ಪದವೂ ಬೇಡ.

ಕುಮಟಾದಿಂದ

ಮೇಲಿನ ಸಲಹೆಯನ್ನು ಒಪ್ಪಿದರೆ ಅಂಗಡಿಯವರಿಗೆ ನಷ್ಟವಾಗುತ್ತದೆ. ಕಲ್ಲಿನ ಮೇಲೆ ಕತ್ತಿಯ ಬಾಯಿ ಮುಂದಾಗಿ ಚಲಿಸುತ್ತದೆ, ಅಲ್ಲಿ ಉಕ್ಕು ಸವೆಯುತ್ತದೆ, ಅದು ಮಸೆಯುವುದು. ಚರ್ಮದ ಮೇಲೆ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಚಲಿಸುತ್ತದೆ, ತುದಿ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಿ ಮರಳಿ ಎಳೆಯುತ್ತಾರೆ, ಮತ್ತು ಅಲ್ಲಿ ಆಗುವ ಕೆಲಸವೆಂದರೆ ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಅಂಚು ನೆಟ್ಟಗಾಗಿ ನಯವಾಗುವುದು. ‘ಮಸೆ’ ಎಂದು ಓದಿದ ಗಿರಾಕಿ ಕಲ್ಲಿನ ಮೇಲೆ ಮಾಡಿದಂತೆಯೇ ಬಾಯಿಯನ್ನು ಮುಂದಕ್ಕೆ ನೂಕಿದರೆ ಹೊಸದಾಗಿ ಎಣ್ಣೆ ಹಚ್ಚಿ ಸರಿಪಡಿಸಿದ ಚರ್ಮ ಮೊದಲ ಎಳೆತಕ್ಕೇ ಸೀಳುತ್ತದೆ.

ಇದಕ್ಕೆ ಒಪ್ಪುವ ಕ್ರಿಯೆ ‘ತೀಡು’. ಹುಬ್ಬು ತೀಡುತ್ತೇವೆ, ಬರಹವನ್ನು ತಿದ್ದಿ ತೀಡುತ್ತೇವೆ. ಆದ್ದರಿಂದ ‘ತೀಡುಬಾರು’. ಸೂಚನೆಯಲ್ಲಿ ಹೀಗೆ ಬರೆಯಬಹುದು: “ತೀಡುಬಾರನ್ನು ಬಿಗಿಯಾಗಿ ಹಿಡಿದು, ಕತ್ತಿಯ ಬೆನ್ನು ಮುಂದಾಗಿರುವಂತೆ, ಒತ್ತದೆ ಎಳೆಯಿರಿ.” ಬಾರು ಸಡಿಲವಾದರೆ ಅಂಚು ಮೊಂಡಾಗುತ್ತದೆ ಎಂಬುದನ್ನೂ ಸೇರಿಸಿ.

‘ಮಸೆವಾರು’ ಎಂಬ ರೂಪ ಹಳಗನ್ನಡ ಕಾವ್ಯಕ್ಕೆ ಸಲ್ಲಬಹುದು. ‘ಕೈಬರಹ’ವನ್ನು ‘ಕೈವರಹ’ ಎಂದು, ‘ಕೈಬಳೆ’ಯನ್ನು ‘ಕೈವಳೆ’ ಎಂದು ಬರೆಯದವರು ಇಲ್ಲಿ ಮಾತ್ರ ಸಂಧಿಗೆ ಹಟ ಹಿಡಿಯುವುದು ವಿಚಿತ್ರ. ‘ಸಾಣೆ’ ತದ್ಭವ, ‘ಸಾಣೆಕಲ್ಲು’ ಎಂಬ ಸಮಾಸಕ್ಕೆ ಯಾವ ದೋಷವೂ ತಗಲುವುದಿಲ್ಲ.

‘ಕಾರ್ಬೊರಂಡಮ್’ ಬಗ್ಗೆ ಒಂದು ಮಾತು. ಅಮೆರಿಕದ ಎಡ್ವರ್ಡ್ ಅಚೆಸನ್ 1890ರ ದಶಕದಲ್ಲಿ ತನ್ನ ಹೊಸ ವಸ್ತುವಿಗೆ ಈ ಹೆಸರಿಟ್ಟದ್ದು ಅದು ಕಾರ್ಬನ್ ಮತ್ತು ಕೊರಂಡಮ್ ಎಂಬ ಗಡಸು ಖನಿಜ ಕೂಡಿದ್ದೆಂದು ಭಾವಿಸಿ. ನಿಜದಲ್ಲಿ ಅದು ಸಿಲಿಕಾನ್ ಕಾರ್ಬೈಡ್. ಆ ‘ಕೊರಂಡಮ್’ ಇಂಗ್ಲಿಷಿಗೆ ಹೋದದ್ದು ದಕ್ಷಿಣ ಭಾರತದ ‘ಕುರುಂದ’ದಿಂದ. ಕುರುಂದದ ಪುಡಿಯನ್ನು ಅರಗಿನಲ್ಲಿ ಬೆರೆಸಿ ಸಾಣೆಯ ಚಕ್ರ ಮಾಡುತ್ತಿದ್ದ ನಾಡಿನವರು ಆ ಪದವನ್ನು ಪರಕೀಯವೆಂದು ಹೊರಗಟ್ಟಲು ಹೊರಟಿರುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಶಿರಸಿಯಿಂದ, ಮತ್ತೆ

ತಮಾಷೆ ನಿಮ್ಮದೇ. ‘ತೀಡು’ ಎಂಬುದಕ್ಕೂ ಹರಿತಗೊಳಿಸು ಎಂಬ ಅರ್ಥವಿದೆ, ತಮಿಳಿನ ‘ತೀಟ್ಟು’ ನೋಡಿ. ಹಾಗಾಗಿ ನೀವು ಎಳೆದ ಗೆರೆ ನಿಲ್ಲುವುದಿಲ್ಲ. ಹಸಿರು ಕ್ರೋಮಿಯಂ ಆಕ್ಸೈಡ್ ಪುಡಿ ಬಳಿದ ಚರ್ಮವು ಉಕ್ಕನ್ನು ಸವೆಸುತ್ತದೆ, ಅದನ್ನು ಮಸೆಯುವುದಲ್ಲವೆಂದು ಹೇಗೆ ಹೇಳುತ್ತೀರಿ? ಮರದ ಹಲಗೆಗೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಉಜ್ಜುವುದಕ್ಕೂ ‘ಮಸೆ’ ಎಂದೇ ಹೆಸರು. ಕುರುಂದ ನಮ್ಮದಾದರೆ ‘ಕುರುಂದ’ವೆಂದೇ ಬರೆಯಿರಿ, ಕಾರ್ಬನ್ನಿನ ಬಾಲವೇಕೆ?

ಕುಮಟಾದಿಂದ, ಮತ್ತೆ

ಆ ಕಲ್ಲು ಕುರುಂದವಲ್ಲ ಎಂದು ಈಗಷ್ಟೇ ಬರೆದಿದ್ದೇನೆ. ಕುರುಂದ ಅಲ್ಯೂಮಿನಿಯಂ ಆಕ್ಸೈಡ್; ಎರಡೂ ಬಗೆಯ ಕಲ್ಲು ಅಂಗಡಿಯಲ್ಲಿ ಅಕ್ಕಪಕ್ಕ ಇರುತ್ತವೆ. ಹೆಸರು ಬೆರೆತರೆ ಮಾರುವವರು ಉತ್ತರ ಕೊಡಬೇಕಾಗುತ್ತದೆ. ಪುಡಿ ಬಳಿದ ಬಾರಿನ ಮಾತನ್ನು ಒಪ್ಪುತ್ತೇನೆ, ಅದಕ್ಕೆ ‘ಮಸೆಬಾರು’ ಎನ್ನಿ. ಬರಿಯ ಚರ್ಮಕ್ಕೆ ಅನ್ನಬೇಡಿ.

ಕಾರವಾರದಿಂದ

ಇಬ್ಬರಿಗೂ ಕೃತಜ್ಞತೆಗಳು. ಫಲಕಕ್ಕೆ ‘ತೀಡುಬಾರು’, ಪುಡಿ ಬಳಿದದ್ದಕ್ಕೆ ‘ಮಸೆಬಾರು’ ಎಂದು ನಿಶ್ಚಯಿಸಿದ್ದೇನೆ. ನನ್ನ ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಅಂಗಡಿಯವರು ಬೀಸುಕಲ್ಲಿನಂತೆ ‘ಕುಟ್ಟಿ ಕೊಡಲಾಗುವುದು’ ಎಂದರಾಗದೇ ಎಂದು ಕೇಳುತ್ತಿದ್ದಾರೆ.

ಹೊನ್ನಾವರದಿಂದ

ಆಗದು. ಬೀಸುಕಲ್ಲನ್ನು ಕುಟ್ಟಿಸುವುದು ನುಣುಪಾದ ಮೈಯನ್ನು ತರಿಯಾಗಿಸಲು. ಇಲ್ಲಿ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಗಾರೆ ಕೆಲಸದವರೂ ಬಡಗಿಗಳೂ ನಿತ್ಯ ಬಳಸುವ ‘ಮಟ್ಟ’ ಇದೆಯಲ್ಲ? ‘ಕುಳಿಬಿದ್ದ ಸಾಣೆಕಲ್ಲುಗಳನ್ನು ಮಟ್ಟ ಮಾಡಿ ಕೊಡಲಾಗುವುದು’ ಎಂದು ಬರೆದರೆ ಯಾರೂ ತಡವರಿಸುವುದಿಲ್ಲ. ವ್ಯುತ್ಪತ್ತಿಯನ್ನು ದಯವಿಟ್ಟು ಯಾರೂ ಎತ್ತಬೇಡಿ.

ಸೂಚನೆಯಲ್ಲಿ ಕ್ರಮವನ್ನೂ ಹೇಳುವುದಾದರೆ, ಕಲ್ಲಿನ ಮೈಮೇಲೆ ಪೆನ್ಸಿಲಿನಿಂದ ಅಡ್ಡ ಮತ್ತು ಉದ್ದ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ 220ರ ಒರಟಿನ ಸ್ಯಾಂಡ್‌ಪೇಪರಿಗೆ ನೀರು ಹಾಕಿಕೊಂಡು ಗೆರೆಗಳೆಲ್ಲ ಮಾಯವಾಗುವವರೆಗೆ ಉಜ್ಜಿ, ಆಮೇಲೆ 400 ಮತ್ತು 600ರ ನಯದಲ್ಲಿ ಮುಗಿಸಬೇಕೆಂದು ಬರೆಯಿರಿ. ಕೊನೆಗೆ ಉಳಿಯುವ ಗೆರೆ ನಡುವಿನದೇ, ಏಕೆಂದರೆ ಕುಳಿ ಇರುವುದು ಅಲ್ಲಿಯೇ. ಹಳೆಯ ಎಣ್ಣೆ ಕಟ್ಟಿಕೊಂಡ ಕಲ್ಲನ್ನು ಮೊದಲು ಸೀಮೆಎಣ್ಣೆಯಲ್ಲಿ ತೊಳೆಯದಿದ್ದರೆ ಕಾಗದ ಬೇಗ ಜಿಡ್ಡುಗಟ್ಟುತ್ತದೆ. ನೀರು ಬಳಸುವ ಕಲ್ಲಿಗೆ ಮಾತ್ರ ಎಣ್ಣೆ ಸೋಕಿಸಬಾರದು.