ಬ್ರೌಸರ್ ಮುಚ್ಚಿದ ಮೇಲೂ ಸೆಷನ್‌ನಲ್ಲಿ ಉಳಿಯುವ ಪಟ್ಟಿಗಳು

ಪ್ರಶ್ನೆ (ಬ್ಯಾಡಗಿಯಿಂದ)
ಇಲ್ಲಿನ ಒಂದು ದಲಾಲಿ ಅಂಗಡಿಯ ವೆಬ್ ಅಪ್ಲಿಕೇಶನ್ ನೋಡಿಕೊಳ್ಳುತ್ತಿದ್ದೇನೆ. ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಬರೆದದ್ದು, ಓಡುವುದು ಟಾಮ್‌ಕ್ಯಾಟ್ ಸರ್ವರ್‌ನಲ್ಲಿ. ರೈತರಿಗೆ ಕೊಡುವ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಸಿದ್ಧವಾಗುವವರೆಗೆ ಚೀಲ, ತೂಕ, ದರ, ಹಮಾಲಿ, ತೂಕದ ಚೀಟಿಯ ಫೋಟೊ ಎಲ್ಲವೂ ಒಂದೇ ಸೆಷನ್ ಆಬ್ಜೆಕ್ಟ್‌ನಲ್ಲಿ, ಅಂದರೆ ಲಾಗಿನ್ ಆದವರಿಗಾಗಿ ಸರ್ವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಮಾಹಿತಿಯಲ್ಲಿ, ಇರುತ್ತವೆ. ಗುಮಾಸ್ತರು ಊಟ ಮುಗಿಸಿ ಬರುವಷ್ಟರಲ್ಲಿ ಅರ್ಧ ಬರೆದ ಪಟ್ಟಿ ಹೋಗುತ್ತದೆಂದು ಹಿಂದಿನವರು ಸೆಷನ್ ಅವಧಿಯನ್ನು 30 ನಿಮಿಷದಿಂದ 8 ಗಂಟೆಗೆ ಏರಿಸಿದ್ದಾರೆ. ಈಗ ಸೋಮವಾರ, ಗುರುವಾರ ಪೇಟೆ ತುಂಬಿದರೆ ಮಧ್ಯಾಹ್ನಕ್ಕೇ ಮೆಮೊರಿ ಸಾಲದೆ ಸರ್ವರ್ ನಿಲ್ಲುತ್ತದೆ. ಬ್ರೌಸರ್ ಮುಚ್ಚಿದರೂ ಸೆಷನ್‌ಗಳು ಏಕೆ ಅಳಿಯುವುದಿಲ್ಲ? ಇನ್ನೊಂದು ತೊಂದರೆ: ಮೊನ್ನೆ ಕಡ್ಡಿ ತಳಿಯ ಮೆಣಸಿನಕಾಯಿಯ ತೂಕ ಡಬ್ಬಿ ತಳಿ ತಂದವರ ಪಟ್ಟಿಯಲ್ಲಿ ಕಾಣಿಸಿಕೊಂಡಿತು.

ಉತ್ತರ (ಹುಬ್ಬಳ್ಳಿಯಿಂದ)
ಬ್ರೌಸರ್ ಮುಚ್ಚಿದ ಸುದ್ದಿ ಸರ್ವರ್‌ಗೆ ತಲುಪುವುದೇ ಇಲ್ಲ. ಲಾಗೌಟ್‌ನಲ್ಲಿ ಸೆಷನ್ ರದ್ದಾಗಬೇಕು, ಇಲ್ಲವೇ ಕೊನೆಯ ರಿಕ್ವೆಸ್ಟ್‌ನಿಂದ ಅವಧಿ ಕಳೆಯಬೇಕು. ನಿಮ್ಮ ಪುಟ ದರ ತೋರಿಸಲು ತಾನಾಗಿಯೇ ರಿಫ್ರೆಶ್ ಆಗುತ್ತಿದೆಯೇ ನೋಡಿ. ಹಾಗಿದ್ದರೆ ತೆರೆದಿಟ್ಟ ಪುಟದ ಸೆಷನ್‌ಗೆ 30 ನಿಮಿಷ ಎಂದೂ ತುಂಬುವುದಿಲ್ಲ.

ಉತ್ತರ (ಧಾರವಾಡದಿಂದ)
ಸರ್, ಅವಧಿಯ ಚರ್ಚೆ ಆಮೇಲೆ ಇರಲಿ. ಅರ್ಧ ಬರೆದ ಪಟ್ಟಿ ಸೆಷನ್‌ನಲ್ಲಿ ಇರಲೇಬಾರದು. ಅದು ರೈತನ ಮಾಲಿನ ಲೆಕ್ಕ. ಗುಮಾಸ್ತ ಲಾಗಿನ್ ಆಗಿದ್ದಾನೋ ಇಲ್ಲವೋ ಎಂಬುದರ ಮೇಲೆ ಅದರ ಆಯುಷ್ಯ ನಿಲ್ಲುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕರಡನ್ನು ಡೇಟಾಬೇಸ್‌ಗೆ ಹಾಕಿ, ಫೋಟೊ ಡಿಸ್ಕ್‌ಗೆ ಹೋಗಲಿ, ಸೆಷನ್‌ನಲ್ಲಿ ಬಳಕೆದಾರರ ಗುರುತು ಮಾತ್ರ ಉಳಿಯಲಿ.

ತೂಕ ಅದಲುಬದಲಾದದ್ದೂ ಇದರಿಂದಲೇ ಇರಬೇಕು. ಒಂದು ಬ್ರೌಸರ್‌ನ ಎರಡು ಟ್ಯಾಬ್‌ಗಳು ಕಳಿಸುವುದು ಒಂದೇ ಜೆಸೆಷನ್‌ಐಡಿ ಕುಕಿ, ಅಂದರೆ ಸೆಷನ್‌ನ ಗುರುತು. ಒಂದರಲ್ಲಿ ಡಬ್ಬಿ, ಇನ್ನೊಂದರಲ್ಲಿ ಕಡ್ಡಿ ತೆರೆದರೆ ಎರಡೂ ಬರೆಯುವುದು ಒಂದೇ ಆಬ್ಜೆಕ್ಟ್‌ಗೆ. ಪ್ರತಿ ಕರಡಿಗೂ ಪ್ರತ್ಯೇಕ ಸಂಖ್ಯೆ ಕೊಟ್ಟು ಅದನ್ನು ಯುಆರ್‌ಎಲ್‌ನಲ್ಲಿ ಇಡಿ. ಆ ಸಂಖ್ಯೆಯ ಕರಡು ಲಾಗಿನ್ ಆದವರ ಅಂಗಡಿಯದೇ ಎಂದು ಸರ್ವರ್‌ನಲ್ಲಿ ಪ್ರತಿ ಸಲವೂ ಪರೀಕ್ಷಿಸಿ. ಬಿಟ್ಟರೆ ಒಬ್ಬರ ಲೆಕ್ಕ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರು
ಎರಡು ಟ್ಯಾಬ್ ತೆರೆಯುವುದು ನಿಜ. ತಾತ್ಕಾಲಿಕ ಪಿಡಿಎಫ್‌ಗಳನ್ನು ಅಳಿಸಲು ಆ ಸೆಷನ್ ಆಬ್ಜೆಕ್ಟ್‌ನಲ್ಲಿ (ಸ್ಪ್ರಿಂಗ್‌ನ ಮಾತಿನಲ್ಲಿ ಬೀನ್) ಪ್ರಿಡಿಸ್ಟ್ರಾಯ್ ಇದೆ, ಅಂದರೆ ಅದು ಅಳಿಯುವ ಮುನ್ನ ಓಡುವ ಕೋಡ್. ಅದಷ್ಟೇ ಸಾಕೇ?

ಉತ್ತರ (ಧಾರವಾಡದಿಂದ)
ಸಾಲದು. ಸೆಷನ್ ಮುಗಿದಾಗ ಅದು ಓಡುತ್ತದೆ, ಸರಿ. ಆದರೆ ಕರೆಂಟ್ ಹೋಗಿ ಸರ್ವರ್ ತಟ್ಟನೆ ಬಿದ್ದರೆ ಓಡುವುದಿಲ್ಲ, ಫೈಲ್‌ಗಳು ಹಾಗೆಯೇ ಬಿದ್ದಿರುತ್ತವೆ. ಹಳೆಯ ಫೈಲ್ ಗುಡಿಸುವ ಕೆಲಸವನ್ನು ರಾತ್ರಿಗೆ ಬೇರೆಯಾಗಿ ಇಡಿ. ಕರಡುಗಳು ಡೇಟಾಬೇಸ್ ಸೇರಿದ ಮೇಲೆಯೇ ಅವಧಿಯನ್ನು 30 ನಿಮಿಷಕ್ಕೆ ಇಳಿಸಿ, ಅದೂ ಪೇಟೆ ಇಲ್ಲದ ದಿನ.