ಕಾರಿನ ಬಾಗಿಲ ರಬ್ಬರಿನಿಂದ ಕಿರುಗುಟ್ಟುವ ಸದ್ದು: ಎಣ್ಣೆ ಹಚ್ಚಿದ ಮೇಲೆ ಇನ್ನೂ ಹೆಚ್ಚಾಗಿದೆ

ತುಂಗಾತೀರದ ಪಯಣಿಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ವರ್ಷ ಹಳೆಯ, ಸುಮಾರು 82,000 ಕಿಲೋಮೀಟರ್ ಓಡಿರುವ ಹ್ಯಾಚ್‌ಬ್ಯಾಕ್ ಕಾರು. ಕಳೆದ ಬೇಸಿಗೆಯಿಂದ ಅದರ ಬಾಗಿಲುಗಳಿಂದ ಕಿರ್ ಕಿರ್ ಎಂಬ ಸದ್ದು ಬರುತ್ತಿದೆ. ನುಣುಪಾದ ಹೆದ್ದಾರಿಯಲ್ಲಿ ಏನೂ ಕೇಳಿಸುವುದಿಲ್ಲ. ತೋಟದ ಮಣ್ಣುರಸ್ತೆಗೆ ಇಳಿದರೆ, ಹಂಪನ್ನು ಓರೆಯಾಗಿ ದಾಟಿದರೆ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಯುವಾಗ ಮಾತ್ರ ಕಿವಿ ಮುಚ್ಚಿಕೊಳ್ಳುವಂತಾಗುತ್ತದೆ. ಮಳೆಯಲ್ಲಿ ಬಾಗಿಲು ನೆನೆದ ದಿನ ಸದ್ದು ಪೂರ್ತಿ ನಿಂತುಹೋಗಿ, ಎರಡು ದಿನ ಬಿಸಿಲು ಕಾದ ಮೇಲೆ ಮರಳಿ ಬರುವುದು ನನಗೆ ಅರ್ಥವಾಗದ ಸಂಗತಿ.

ಬೀಡಿಂಗ್, ಅಂದರೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ, ಒಣಗಿದೆ ಎಂದು ಪರಿಚಯದ ಮೆಕ್ಯಾನಿಕ್ ಒಬ್ಬರು ಹಿಂದಿನ ಎಡಬಾಗಿಲಿಗೆ ಇಂಜಿನ್ ಆಯಿಲ್ ಸವರಿಕೊಟ್ಟರು. ಉಳಿದ ಮೂರಕ್ಕೆ ನಾನೇ ಮನೆಯ ಕೊಬ್ಬರಿ ಎಣ್ಣೆಯನ್ನು ಹಚ್ಚಿದೆ. ಒಂದು ವಾರ ನೆಮ್ಮದಿಯಾಗಿತ್ತು. ಆಮೇಲೆ ಕೆಂಪು ಧೂಳೆಲ್ಲ ಅದಕ್ಕೆ ಮೆತ್ತಿಕೊಂಡು ಸದ್ದು ಮೊದಲಿಗಿಂತ ಜೋರಾಯಿತು, ಹಿಂದಿನ ಎಡಬಾಗಿಲಿನ ಕೆಳಭಾಗದ ರಬ್ಬರ್ ಸುಮಾರು ಒಂದು ಗೇಣಿನಷ್ಟು ಮೆತ್ತಗಾಗಿ ಉಬ್ಬಿದೆ, ನನ್ನ ತಾಯಿಯವರ ಸೀರೆಯ ಅಂಚಿಗೂ ಕಪ್ಪು ಕಲೆ ಹತ್ತಿದೆ. ಅವರಿಗೆ ತಿಂಗಳಿಗೆರಡು ಬಾರಿ ಮಣಿಪಾಲದಲ್ಲಿ ತಪಾಸಣೆ ಇರುವುದರಿಂದ ದಾರಿಯುದ್ದಕ್ಕೂ ಈ ಸದ್ದನ್ನು ಅವರೇ ಸಹಿಸಿಕೊಳ್ಳಬೇಕಾಗಿದೆ. ರಬ್ಬರಿಗೆ ನಿಜವಾಗಿ ಹಚ್ಚಬೇಕಾದದ್ದು ಏನು, ನಾಲ್ಕೂ ಬಾಗಿಲಿನ ಬೀಡಿಂಗ್ ಬದಲಾಯಿಸುವ ಅಗತ್ಯವಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ರಬ್ಬರ್ ಪರೀಕ್ಷಕ:

ನಮಸ್ಕಾರ ಸರ್. ವಾಹನಗಳ ರಬ್ಬರ್ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ತಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ತಮಗಾದ ನಷ್ಟ ಪ್ರತಿ ಬೇಸಿಗೆಯಲ್ಲೂ ಎಷ್ಟೋ ಕಾರುಗಳಿಗೆ ಆಗುವುದನ್ನು ಕಂಡು ನೊಂದಿದ್ದೇನೆ.

ಮಳೆಯಲ್ಲಿ ಸದ್ದು ನಿಲ್ಲುತ್ತದೆ ಎಂದು ತಾವು ಬರೆದಿರುವುದೇ ರೋಗದ ಸುಳಿವು. ಒಂದು ಚಕ್ರ ಗುಂಡಿಗೆ ಇಳಿದಾಗ ಕಾರಿನ ಬಾಡಿ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ, ಬಾಗಿಲು ಮತ್ತು ಚೌಕಟ್ಟಿನ ನಡುವೆ ಅತಿ ಸಣ್ಣ ಚಲನೆ ಉಂಟಾಗುತ್ತದೆ. ಒಣಗಿದ ರಬ್ಬರ್ ಆ ಚಲನೆಯ ಜೊತೆ ಜಾರುವ ಬದಲು ಪೇಂಟಿಗೆ ಕಚ್ಚಿಕೊಂಡು ಹಿಗ್ಗಿ, ಎಳೆತ ಮಿತಿ ಮೀರಿದ ಕೂಡಲೇ ತಟ್ಟನೆ ಬಿಟ್ಟು, ಮತ್ತೆ ಕಚ್ಚಿಕೊಳ್ಳುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದಾಗ ನಮಗೆ ಕಿರುಗುಟ್ಟಿದಂತೆ ಕೇಳಿಸುತ್ತದೆ. ಪಿಟೀಲಿನ ಕಮಾನು ತಂತಿಯಿಂದ ನಾದ ಹೊರಡಿಸುವುದೂ ಇದೇ ರೀತಿಯಲ್ಲಿ. ಮಳೆನೀರು ನಡುವೆ ತೆಳುವಾದ ಪದರವಾಗಿ ನಿಂತಾಗ ಕಚ್ಚುವಿಕೆ ತಪ್ಪುತ್ತದೆ, ನೀರು ಆರಿದಾಗ ಮರಳುತ್ತದೆ. ಪಿಟೀಲಿನವರು ಕಮಾನಿಗೆ ರಾಳ ತಿಕ್ಕಿ ಕಚ್ಚುವಿಕೆಯನ್ನು ಹೆಚ್ಚಿಸಿಕೊಳ್ಳುತ್ತಾರಲ್ಲವೇ, ತಮ್ಮ ಬಾಗಿಲಲ್ಲಿ ಧೂಳು ಬೆರೆತ ಎಣ್ಣೆ ಈಗ ಆ ರಾಳದ ಕೆಲಸವನ್ನೇ ಮಾಡುತ್ತಿದೆ.

ಇನ್ನು ಉಬ್ಬಿದ ಭಾಗದ ವಿಷಯ. ಇಂದಿನ ಕಾರುಗಳ ಬಾಗಿಲ ಬೀಡಿಂಗ್ ಬಹುಪಾಲು ಇಪಿಡಿಎಂ ಎಂಬ ಕೃತಕ ರಬ್ಬರಿನದು. ಬಿಸಿಲು, ನೀರು, ಗಾಳಿಯಲ್ಲಿರುವ ಓಝೋನ್ ಇವನ್ನೆಲ್ಲ ಅದು ನೈಸರ್ಗಿಕ ರಬ್ಬರಿಗಿಂತ ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ. ಸೈಕಲ್ ಟ್ಯೂಬ್ ಬಿರಿದಂತೆ ಅದು ಬಿರಿಯದಿರುವುದು ಈ ಗುಣದಿಂದಲೇ. ಆದರೆ ಪೆಟ್ರೋಲಿಯಂ ಮೂಲದ ಎಣ್ಣೆಗೆ ಮಾತ್ರ ಅದು ಸೋಲುತ್ತದೆ. ಎಣ್ಣೆಯ ರಚನೆಯೂ ಈ ರಬ್ಬರಿನ ರಚನೆಯೂ ಹತ್ತಿರದ ನಂಟಿನವಾದ್ದರಿಂದ ಎಣ್ಣೆ ಮೇಲ್ಮೈಯಲ್ಲಿ ನಿಲ್ಲದೆ ಒಳಗೆ ಹೀರಿಹೋಗಿ, ರಬ್ಬರನ್ನು ಊದಿಸಿ, ಅದರ ಬಿಗುವನ್ನು ಕಳೆಯುತ್ತದೆ. ಆದ್ದರಿಂದ ಇಂಜಿನ್ ಆಯಿಲ್, ಚಾಸಿಗೆ ಹೊಡೆಯುವ ಗ್ರೀಸ್, ಪೆಟ್ರೋಲಿಯಂ ಜೆಲ್ಲಿ, ಸೀಮೆಎಣ್ಣೆ ಯಾವುದನ್ನೂ ಬಾಗಿಲ ರಬ್ಬರಿನ ಹತ್ತಿರ ತರಬಾರದು. ಕೊಬ್ಬರಿ ಎಣ್ಣೆ ಇಷ್ಟೊಂದು ಹಾನಿ ಮಾಡುವುದಿಲ್ಲವಾದರೂ ಧೂಳನ್ನು ಕರೆದುಕೊಳ್ಳುತ್ತದೆ. ಅಲ್ಲದೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಯಾವ ಪ್ರಯೋಜನಕ್ಕೂ ಬಾರದು.

ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಸ್ಪ್ರೇ ಬಗ್ಗೆ ಯಾರಾದರೂ ಹೇಳುವ ಮೊದಲೇ ಬರೆದುಬಿಡುತ್ತೇನೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಅದನ್ನು ರೂಪಿಸಿದ್ದು ಲೋಹದ ಮೇಲಿನ ತೇವವನ್ನು ಹೊರದೂಡಿ ತುಕ್ಕು ತಡೆಯುವುದಕ್ಕಾಗಿ, ಮತ್ತು ನೀರನ್ನು ಹೊರದೂಡುವ ನಲವತ್ತನೆಯ ಪ್ರಯತ್ನ ಎಂಬುದೇ ಅದರ ಹೆಸರಿನ ಅರ್ಥ. ನೀಲಿ-ಹಳದಿಯ ಆ ಮಾಮೂಲಿ ಡಬ್ಬಿಯಲ್ಲಿರುವುದು ಪೆಟ್ರೋಲಿಯಂ ಮೂಲದ ದ್ರಾವಕ. ಬಾಗಿಲು ತಿರುಗುವ ಲೋಹದ ಕೀಲುಗಳಿಗೆ ಅದು ಒಳ್ಳೆಯದು, ರಬ್ಬರಿಗೆ ಅಲ್ಲ. ಅದೇ ಕಂಪನಿಯ ಸಿಲಿಕೋನ್ ಸ್ಪ್ರೇ ಬೇರೆ ಡಬ್ಬಿಯಲ್ಲಿ ಬರುತ್ತದೆ.

ರಬ್ಬರಿಗೆ ಒಗ್ಗುವುದು ಸಿಲಿಕೋನ್. ಇಪಿಡಿಎಂ ಅದನ್ನು ಹೀರಿಕೊಳ್ಳುವುದಿಲ್ಲವಾದ್ದರಿಂದ ಅದು ಮೇಲ್ಮೈಯಲ್ಲೇ ಜಾರುವ ಪದರವಾಗಿ ಉಳಿಯುತ್ತದೆ. ಆದರೆ ಹಚ್ಚುವುದಕ್ಕಿಂತ ಮುಖ್ಯವಾದದ್ದು ತೊಳೆಯುವುದು, ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಕಾರ್ ಶಾಂಪೂ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ರಬ್ಬರಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸುತ್ತ, ಬಟ್ಟೆಗೆ ಕೆಂಪು ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ಬಾಗಿಲು ಮುಚ್ಚಿದಾಗ ರಬ್ಬರ್ ತಾಗುವ ಎದುರಿನ ಪೇಂಟ್ ಭಾಗವನ್ನೂ ಅಷ್ಟೇ ಶ್ರದ್ಧೆಯಿಂದ ಒರೆಸಬೇಕು. ಹೆಚ್ಚಿನವರು ಇದನ್ನು ಮರೆಯುವುದರಿಂದಲೇ ಸದ್ದು ವಾರದೊಳಗೆ ಹಿಂದಿರುಗುತ್ತದೆ. ಪೆಟ್ರೋಲ್, ಥಿನ್ನರ್ ಮುಟ್ಟಬಾರದು. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಒಂದು ಮೊಳ ಉದ್ದಕ್ಕೆ ಉಜ್ಜಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಮುಟ್ಟಿದರೆ ನುಣುಪೆನಿಸಬೇಕು, ಬೆರಳಿಗೆ ಅಂಟಬಾರದು. ಈ ಗ್ರೀಸ್ ಆಟೋಮೊಬೈಲ್ ಅಂಗಡಿಯಲ್ಲಿ ಸಿಗದಿದ್ದರೆ ನೀರಿನ ಫಿಲ್ಟರ್ ದುರಸ್ತಿ ಮಾಡುವವರನ್ನು ಕೇಳಿ ನೋಡಿ, ಫಿಲ್ಟರಿನ ರಬ್ಬರ್ ಉಂಗುರಗಳಿಗೆ ಅವರು ಬಳಸುವುದೂ ಸಿಲಿಕೋನ್ ಗ್ರೀಸನ್ನೇ.

ಹಳೇ ಟಿಂಕರಿಂಗ್ ಶೆಡ್:

ಮೇಲಿನವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಹುಬ್ಬಳ್ಳಿಯಲ್ಲಿ ಬಾಡಿ ಕೆಲಸ ಮಾಡುವವನಾಗಿ ಒಂದೆರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ.

ಸ್ಪ್ರೇ ಬಳಸುವುದಾದರೆ ಬಟ್ಟೆಗೆ ಹೊಡೆದುಕೊಂಡು ಒರೆಸಿ, ನೇರವಾಗಿ ಬಾಗಿಲಿಗೆ ಹೊಡೆಯಬೇಡಿ. ಹಾರಿದ ಹನಿಗಳು ಮುಂದಿನ ಗಾಜಿನ ಮೇಲೆ ಕೂತರೆ ಮಳೆಯಲ್ಲಿ ವೈಪರ್ ಬರೇ ಮಸುಕನ್ನೇ ಎಳೆಯುತ್ತದೆ, ಬ್ರೇಕ್ ಪೆಡಲಿನ ಮೇಲೆ ಕೂತರೆ ಕಾಲು ಜಾರುತ್ತದೆ. ಮುಂದೆಂದಾದರೂ ಬಾಗಿಲಿಗೆ ಪೇಂಟ್ ಮಾಡಿಸುವ ಸಂದರ್ಭ ಬಂದರೆ ಸಿಲಿಕೋನ್ ಹಚ್ಚಿರುವುದನ್ನು ಪೇಂಟರಿಗೆ ಮೊದಲೇ ಹೇಳಿ. ಅದರ ಕಲೆ ಉಳಿದ ಜಾಗದಲ್ಲಿ ಹೊಸ ಪೇಂಟ್ ಹಿಡಿಯದೆ ಮೀನಿನ ಕಣ್ಣಿನಂಥ ಕುಳಿಗಳಾಗುತ್ತವೆ. ಸ್ಪ್ರೇ ಡಬ್ಬಿಯ ಹಿಂದಿನ ಬರಹವನ್ನೂ ಓದಿರಿ, ಸಿಲಿಕೋನ್ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗೆ ಪೆಟ್ರೋಲಿಯಂ ದ್ರಾವಕ ಬೆರೆಸಿರುವುದುಂಟು.

ಎಲ್ಲಕ್ಕಿಂತ ಮೊದಲು ಸದ್ದು ರಬ್ಬರಿನದ್ದೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಚೌಕಟ್ಟಿನಲ್ಲಿ ಬಾಗಿಲಿನ ಲಾಕ್ ಕಚ್ಚಿಕೊಳ್ಳುವ ಕಬ್ಬಿಣದ ಕೊಂಡಿಯೂ ಒಣಗಿದಾಗ ಹೆಚ್ಚುಕಡಿಮೆ ಇದೇ ಬಗೆಯ ಸದ್ದು ಮಾಡುತ್ತದೆ. ಆ ಕೊಂಡಿಗೆ ಒಂದು ಸುತ್ತು ಬಟ್ಟೆಯ ಟೇಪ್ ಸುತ್ತಿ, ಬಾಗಿಲು ಸರಿಯಾಗಿ ಲಾಕ್ ಆಗುತ್ತದೆಯೇ ಎಂದು ನೋಡಿಕೊಂಡು, ಅದೇ ಕೆಟ್ಟ ರಸ್ತೆಯಲ್ಲಿ ನಿಧಾನವಾಗಿ ಹೋಗಿಬನ್ನಿ. ಸದ್ದು ನಿಂತರೆ ಟೇಪ್ ಕಿತ್ತು ಕೊಂಡಿಗೆ ಗ್ರೀಸ್ ಸವರಿದರೆ ಮುಗಿಯಿತು; ಅದು ಲೋಹವಾದ್ದರಿಂದ ಸಾಮಾನ್ಯ ಗ್ರೀಸೇ ಸಾಕು, ರಬ್ಬರಿಗೆ ತಾಗದಂತೆ ನೋಡಿಕೊಂಡರಾಯಿತು. ಬೀಡಿಂಗ್ ಬದಲಾಯಿಸಬೇಕೇ ಎಂದು ತಿಳಿಯಲು ಒಂದು ಅಂಗುಲ ಅಗಲದ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಎಳೆದುಕೊಂಡು ಬಂದರೆ ರಬ್ಬರ್ ಇನ್ನೂ ಗಟ್ಟಿಯಾಗಿದೆ ಎಂದರ್ಥ, ಎಲ್ಲಾದರೂ ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ನೀರೂ ಧೂಳೂ ಒಳಗೆ ಬರುತ್ತವೆ.

ಮ್ಯೂನಿಕ್ ಕನ್ನಡತಿ:

ಇಲ್ಲಿ ಸದ್ದಿಗಿಂತ ದೊಡ್ಡ ತೊಂದರೆ ಹಿಮಗಾಲದ್ದು. ರಾತ್ರಿ ತೇವ ಹೆಪ್ಪುಗಟ್ಟಿ ಬಾಗಿಲು ಚೌಕಟ್ಟಿಗೆ ಅಂಟಿಕೊಂಡಿರುತ್ತದೆ, ಬೆಳಿಗ್ಗೆ ಅವಸರದಲ್ಲಿ ಎಳೆದರೆ ರಬ್ಬರ್ ಹರಿದೇ ಹೋಗುತ್ತದೆ. ಅದಕ್ಕಾಗಿ ಜರ್ಮನರು ಹಿಂದಿನಿಂದಲೂ ಜಿಂಕೆಯ ಕೊಬ್ಬಿನ ಕಡ್ಡಿಯನ್ನು ರಬ್ಬರಿಗೆ ತೀಡುತ್ತಿದ್ದರು, ಈಗ ಅದರ ಜೊತೆಗೆ ಸಿಲಿಕೋನಿನ ಕಡ್ಡಿ, ದ್ರವಗಳೂ ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ತಂದೆಯವರು ಹಾಸನದಲ್ಲಿ ಹಳೆಯ ಕಾರಿನ ಬೀಡಿಂಗಿಗೆ ಟಾಲ್ಕಂ ಪೌಡರ್ ಹಚ್ಚುತ್ತಿದ್ದುದು ನೆನಪಿದೆ. ಅದು ಈಗಲೂ ನಡೆಯುತ್ತದೆಯೇ?

ರಬ್ಬರ್ ಪರೀಕ್ಷಕ:

ನಡೆಯುತ್ತದೆ ಮೇಡಂ, ಬೇಸಿಗೆಯ ಎರಡು ತಿಂಗಳಲ್ಲಿ ಮಾತ್ರ. ಪೌಡರ್ ರಬ್ಬರಿಗೆ ಹಾನಿ ಮಾಡುವುದಿಲ್ಲ, ಆದರೆ ಮೊದಲ ಮಳೆಗೇ ಕಲಸಿದ ಹಿಟ್ಟಿನಂತಾಗಿ ಮಡಿಕೆಯಲ್ಲಿ ಕೂರುತ್ತದೆ. ಇನ್ನೊಂದು ಮಾತು ಬಿಟ್ಟುಹೋಗಿತ್ತು: ಕಿಟಕಿಯ ಗಾಜು ಏರಿಳಿಯುವ ಚಾನೆಲ್‌ಗೆ ಗ್ರೀಸ್ ಹಾಕಬೇಡಿ. ಅದರೊಳಗೆ ಮಖಮಲ್ಲಿನಂಥ ನವಿರಾದ ನಾರಿನ ಹೊದಿಕೆಯಿದೆ, ಗ್ರೀಸ್ ತಾಗಿದರೆ ಅದು ಮಣ್ಣನ್ನು ಹಿಡಿದು ಗಾಜನ್ನೇ ಗೀಚುತ್ತದೆ. ಅಲ್ಲಿಗೆ ಒಣಗುವ ಬಗೆಯ ಸಿಲಿಕೋನ್ ಸ್ಪ್ರೇ ಸ್ವಲ್ಪವೇ ಸಾಕು.

ತುಂಗಾತೀರದ ಪಯಣಿಗ:

ಮೂರು ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ತಾವೆಲ್ಲ ಹೇಳಿದಂತೆ ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ನಾಲ್ಕೂ ಬಾಗಿಲುಗಳನ್ನು ತೊಳೆದೆ. ಮೂರು ಬಕೆಟ್ ನೀರು ಕೆಂಪಾದ ಮೇಲೆಯೇ ಬಟ್ಟೆ ಬಿಳಿಯಾಗಿ ಉಳಿದದ್ದು. ಗ್ರೀಸ್ ಕೊನೆಗೂ ಫಿಲ್ಟರ್ ದುರಸ್ತಿಯವರಲ್ಲೇ ಸಿಕ್ಕಿತು. ಮೂರು ಬಾಗಿಲುಗಳು ಅಂದಿನಿಂದ ಸದ್ದಿಲ್ಲದೆ ಇವೆ. ನಾಲ್ಕನೆಯದು, ಅಂದರೆ ಹಿಂದಿನ ಎಡಬಾಗಿಲು, ಆಮೇಲೂ ಕಿರುಗುಟ್ಟುತ್ತಿತ್ತು. ಟೇಪ್ ಸುತ್ತಿ ನೋಡಿದಾಗ ಅದಕ್ಕೆ ಅರ್ಧ ಕಾರಣ ಕೊಂಡಿಯೇ ಎಂದು ತಿಳಿಯಿತು, ಉಳಿದರ್ಧ ಉಬ್ಬಿದ ರಬ್ಬರಿನದು. ಕಾಗದದ ಪಟ್ಟಿ ಆ ಗೇಣುದ್ದದಲ್ಲಿ ಯಾವ ತಡೆಯೂ ಇಲ್ಲದೆ ಜಾರಿ ಬಂತು. ಆ ಭಾಗ ಮೊದಲಿನಂತೆ ಆಗುವ ಸಾಧ್ಯತೆ ಇದೆಯೇ, ಅಥವಾ ಅಷ್ಟನ್ನು ಮಾತ್ರ ಕತ್ತರಿಸಿ ಹೊಸ ತುಂಡು ಕೂಡಿಸಬಹುದೇ?

ರಬ್ಬರ್ ಪರೀಕ್ಷಕ:

ಹೀರಿಕೊಂಡ ಎಣ್ಣೆ ಸ್ವಲ್ಪ ಮಟ್ಟಿಗೆ ಹೊರಬಂದು ಊತ ಇಳಿಯಬಹುದು, ಆದರೆ ಕಳೆದುಹೋದ ಬಿಗು ಮರಳುವುದಿಲ್ಲ. ತುಂಡು ಕೂಡಿಸಬೇಡಿ, ಕೂಡಿಸಿದ ಜಾಗದಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಆ ಒಂದು ಬಾಗಿಲಿಗೆ ಮಾತ್ರ ತಮ್ಮ ಕಾರಿನ ಮಾದರಿಯದ್ದೇ ಅಸಲಿ ಬೀಡಿಂಗ್ ತರಿಸಿ ಹಾಕಿಸಿ. ಮೀಟರ್ ಲೆಕ್ಕದಲ್ಲಿ ಮಾರುವ ಪಟ್ಟಿಯ ದಪ್ಪ ಸ್ವಲ್ಪ ಹೆಚ್ಚಾದರೂ ಬಾಗಿಲು ಮುಚ್ಚಲು ಬಲ ಬೇಕಾಗಿ ತಾಯಿಯವರಿಗೆ ಕಷ್ಟವಾಗುತ್ತದೆ. ಹಾಕಿಸುವಾಗ ಬಾಗಿಲಿನ ತಳದಲ್ಲಿರುವ ನೀರು ಹೋಗುವ ಸಣ್ಣ ರಂಧ್ರಗಳು ಮಣ್ಣಿನಿಂದ ಮುಚ್ಚಿವೆಯೇ ಎಂದು ನೋಡಿ, ಮುಚ್ಚಿದ್ದರೆ ತೆಂಗಿನಗರಿಯ ಕಡ್ಡಿಯಿಂದ ಬಿಡಿಸಿ. ಮುಂದಿನ ಸಲ ಸಿಲಿಕೋನ್ ಹಚ್ಚುವುದನ್ನು ಆಯುಧಪೂಜೆಗೆ ಕಾರು ತೊಳೆಯುವ ದಿನಕ್ಕೆ ಇಟ್ಟುಕೊಳ್ಳಿ. ಮಳೆಗಾಲ ಕಳೆದು ಧೂಳು ಏಳುವ ಮೊದಲಿನ ಆ ಹೊತ್ತು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆಮೇಲೆ ಮುಂಗಾರಿಗೆ ಮೊದಲು ಇನ್ನೊಮ್ಮೆ.

ತುಂಗಾತೀರದ ಪಯಣಿಗ:

ಹಾಗೆಯೇ ಮಾಡುತ್ತೇನೆ ಸರ್. ಬೀಡಿಂಗ್‌ಗೆ ಇಂದೇ ಶಿವಮೊಗ್ಗದಲ್ಲಿ ಹೇಳಿಟ್ಟು ಬಂದಿದ್ದೇನೆ. ನಿನ್ನೆ ಮಣಿಪಾಲದಿಂದ ಹಿಂದಿರುಗುವಾಗ ಘಾಟಿ ಹತ್ತುವಷ್ಟರಲ್ಲಿ ತಾಯಿಯವರು ಬಲಬದಿಯ ಬಾಗಿಲಿಗೆ ಒರಗಿ ನಿದ್ದೆ ಹೋಗಿದ್ದರು.