ಎಪ್ಪತ್ತರ ನಂತರದ ಬದಲಾವಣೆಗಳು: ಯಾವುದು ವಯಸ್ಸಿನದು, ಯಾವುದು ಕಾಯಿಲೆಯದು?

ಆರೈಕೆ_ಕೈಪಿಡಿ (ಪ್ರಶ್ನೆ)

ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇವೆ. "ವಯಸ್ಸಾದ ಮೇಲೆ ಚರ್ಮ ಸುಕ್ಕಾಗುತ್ತದೆ, ಮರೆವು ಬರುತ್ತದೆ" ಅನ್ನುವ ಮಟ್ಟದ ಮಾಹಿತಿ ಎಲ್ಲ ಕಡೆ ಸಿಗುತ್ತದೆ, ಅದರಿಂದ ಉಪಯೋಗವಿಲ್ಲ. ನಮಗೆ ಬೇಕಿರುವುದು ಇಷ್ಟು: ನಡಿಗೆ ನಿಧಾನವಾದರೆ ಎಷ್ಟರವರೆಗೆ ಸಹಜ? ಹೆಸರು ಮರೆಯುವುದಕ್ಕೂ ಡಿಮೆನ್ಷಿಯಾಗೂ (ಮರೆವಿನ ಕಾಯಿಲೆಗೂ) ಗೆರೆ ಎಲ್ಲಿ? ನಾಲ್ಕು ಜನರ ಜೊತೆ ಬೆರೆಯುವುದನ್ನೇ ಬಿಟ್ಟರೆ ಅದು ಸ್ವಭಾವವೇ, ಬೇಸರವೇ, ಇನ್ನೇನಾದರೂ ಇದೆಯೇ? ಗಡಿಯಾರ ಹಿಡಿದು, ಬಿಪಿ ಮಷೀನು ಇಟ್ಟುಕೊಂಡು ಮನೆಯಲ್ಲೇ ನೋಡಬಹುದಾದ ಅಳತೆಗಳಿದ್ದರೆ ದಯವಿಟ್ಟು ಅಂಕಿ ಸಮೇತ ತಿಳಿಸಿ.

ಹಿರಿಯರ_ಚಿಕಿತ್ಸೆ

ಅಂಕಿಗಳಿಗಿಂತ ಮೊದಲು ವೇಗದ ಬಗ್ಗೆ ಬರೆಯಿರಿ. ವಯಸ್ಸಿನಿಂದ ಆಗುವ ಬದಲಾವಣೆಗೆ ವರ್ಷಗಳು ಹಿಡಿಯುತ್ತವೆ. ಮೊನ್ನೆವರೆಗೂ ತಾವೇ ಸ್ನಾನ ಮಾಡುತ್ತಿದ್ದವರು ಇವತ್ತು ಮಂಚ ಬಿಟ್ಟು ಏಳದಿದ್ದರೆ, ನಿನ್ನೆ ಸರಿಯಾಗಿ ಮಾತಾಡಿದವರು ಇವತ್ತು ಹಗಲು ರಾತ್ರಿ ತಿಳಿಯದೆ ಬಡಬಡಿಸುತ್ತಿದ್ದರೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು. ಹೀಗೆ ದಿಢೀರನೆ ಬರುವ ಗೊಂದಲ ಬಹುಮಟ್ಟಿಗೆ ಡೆಲಿರಿಯಂ. ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಶುರುವಾಗುತ್ತದೆ, ಬೆಳಿಗ್ಗೆ ಪರವಾಗಿಲ್ಲ ಅನ್ನಿಸಿ ಸಂಜೆಗೆ ಜೋರಾಗುತ್ತದೆ. ಇದರ ಸದ್ದಿಲ್ಲದ ರೂಪವೇ ಹೆಚ್ಚು ಕಣ್ತಪ್ಪುವುದು: ಮಂಕಾಗಿ, ತೂಕಡಿಸುತ್ತಾ ಬಿದ್ದಿರುತ್ತಾರೆ, ಮನೆಯವರು "ಪಾಪ, ಸುಸ್ತಾಗಿದೆ, ಮಲಗಲಿ" ಎಂದು ಬಿಡುತ್ತಾರೆ. ಸೋಂಕು, ನೀರಿನ ಕೊರತೆ, ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ನೋವು, ಹೊಸದಾಗಿ ಶುರುಮಾಡಿದ ಮಾತ್ರೆ, ಇವುಗಳಲ್ಲಿ ಯಾವುದಾದರೂ ಕಾರಣ ಇರಬಹುದು. ಈ ವಯಸ್ಸಿನಲ್ಲಿ ನ್ಯುಮೋನಿಯಾ ಇದ್ದರೂ ಜ್ವರ ಬಾರದಿರಬಹುದು, ಹೃದಯಾಘಾತವಾದರೂ ಎದೆನೋವು ಇಲ್ಲದಿರಬಹುದು. ಥರ್ಮಾಮೀಟರಿನಲ್ಲಿ ಜ್ವರ ಕಾಣಲಿಲ್ಲ ಎಂದು ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಿ.

ಮರೆವಿನ ಬಗ್ಗೆ: ವಯಸ್ಸಾದಂತೆ ಮೆದುಳು ಕೆಲಸ ಮಾಡುವ ವೇಗ ತಗ್ಗುತ್ತದೆ, ಹೆಸರುಗಳು ನಾಲಿಗೆಯ ತುದಿಗೆ ಬಂದು ನಿಲ್ಲುತ್ತವೆ. ಪದಸಂಪತ್ತು, ಲೋಕಾನುಭವ ಹಾಗೆ ಸುಲಭವಾಗಿ ಕುಗ್ಗುವುದಿಲ್ಲ. ಮರೆತದ್ದಕ್ಕೆ ಒಂದು ಸುಳಿವು ಕೊಟ್ಟು ನೋಡಿ. ಮೊದಲ ಅಕ್ಷರ ಹೇಳಿದ ಕೂಡಲೇ ಹೊಳೆದರೆ ನೆನಪು ಒಳಗೆ ಇದೆ, ಹೊರಗೆ ಬರಲು ತಡವಾಗುತ್ತಿದೆ ಅಷ್ಟೇ. ಬೆಳಿಗ್ಗೆ ನಡೆದ ಮಾತುಕತೆಯನ್ನು ಎಷ್ಟು ನೆನಪಿಸಿದರೂ "ಹಾಗೆ ಆಗಲೇ ಇಲ್ಲ" ಎನ್ನುವುದು, ದಿನವೂ ಓಡಾಡುವ ದಾರಿ ತಪ್ಪುವುದು ಬೇರೆ ವಿಷಯ. ಮನೆಯವರು ಮೊದಲು ಗಮನಿಸಬೇಕಾದ್ದು ಹಣದ ಲೆಕ್ಕ, ಮಾತ್ರೆ ತೆಗೆದುಕೊಳ್ಳುವುದು, ಫೋನ್ ಬಳಕೆ. ಸ್ನಾನ, ಊಟಗಳಿಗಿಂತ ಬಹಳ ಮುಂಚೆ ಇವು ಎಡವುತ್ತವೆ. ಲಾಟನ್ ಮತ್ತು ಬ್ರಾಡಿ ಎಂಬ ಸಂಶೋಧಕರು 1969ರಲ್ಲಿ ಮಾಡಿದ 8 ದಿನನಿತ್ಯದ ಕೆಲಸಗಳ ಪಟ್ಟಿ ಇದಕ್ಕೆ ಈಗಲೂ ಬಳಕೆಯಲ್ಲಿದೆ, ಕೈಪಿಡಿಗೆ ಅದನ್ನೇ ಸರಳಗೊಳಿಸಿ ಸೇರಿಸಬಹುದು. ಡಿಮೆನ್ಷಿಯಾ ಎಂದು ತೀರ್ಮಾನಿಸುವ ಮೊದಲು ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿದಿರುವ ಸಾಧ್ಯತೆ ಹೆಚ್ಚು.

ಫಿಸಿಯೋ_ನಡಿಗೆ

ನಡಿಗೆಗೆ ಒಂದು ಸುಲಭದ ಪರೀಕ್ಷೆ ಇದೆ. ಕೈ ಇರುವ ಕುರ್ಚಿ ಇಡಿ, ಅಲ್ಲಿಂದ ಸರಿಯಾಗಿ 3 ಮೀಟರ್ ಅಳೆದು ನೆಲಕ್ಕೆ ಟೇಪ್ ಅಂಟಿಸಿ. ದಿನಾ ಹಾಕುವ ಚಪ್ಪಲಿಯೇ ಇರಲಿ, ಕೋಲು ಬಳಸುವವರು ಕೋಲು ಹಿಡಿದೇ ನಡೆಯಲಿ. "ಹೊರಡಿ" ಅಂದ ಕ್ಷಣದಿಂದ ಎದ್ದು, ಟೇಪ್‌ವರೆಗೆ ಹೋಗಿ, ತಿರುಗಿ ಬಂದು ಕೂರುವವರೆಗೆ ಎಣಿಸಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಇದೆ ಅಂತ. ಪರೀಕ್ಷೆ ಅಂದ ತಕ್ಷಣ ತುಂಬಾ ಜನ ಅವಸರಪಡ್ತಾರೆ, ಆಗ ಅಂಕಿ ಸುಳ್ಳಾಗುತ್ತೆ. ಅದಕ್ಕೇ ಒಂದು ಸಲ ಸುಮ್ಮನೆ ನಡೆಸಿ, ಎರಡನೇ ಸಲದ್ದು ಬರೆದುಕೊಳ್ಳಿ. ಪಕ್ಕದಲ್ಲೇ ಒಬ್ಬರು ಇರಲೇಬೇಕು. ತಿರುಗುವಾಗ ಕಾಲು ನೋಡಿ: ಎರಡು ಮೂರು ಹೆಜ್ಜೆಯಲ್ಲಿ ತಿರುಗದೆ ಪುಟ್ಟಪುಟ್ಟ ಹೆಜ್ಜೆ ಇಡುತ್ತಾ ಒದ್ದಾಡಿದರೆ, ಸಮಯ ಚೆನ್ನಾಗಿದ್ದರೂ ತೋರಿಸುವುದು ಒಳ್ಳೆಯದು.

ಇನ್ನೊಂದು: ಎದೆ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ 5 ಸಲ ಎದ್ದು ಕೂರಬೇಕು. 15 ಸೆಕೆಂಡ್ ದಾಟಿದರೆ, ಅಥವಾ ಕೈ ಊರದೆ ಏಳಲಿಕ್ಕೇ ಆಗದಿದ್ದರೆ ಕಾಲಿನ ಸ್ನಾಯು ಬಲ ಕುಂದಿದೆ. 30 ವರ್ಷ ದಾಟಿದ ಮೇಲೆ ಪ್ರತಿ ದಶಕಕ್ಕೆ ಸುಮಾರು 3ರಿಂದ 8 ಶೇಕಡ ಸ್ನಾಯು ಕರಗುತ್ತೆ, 60ರ ನಂತರ ಇನ್ನೂ ಬೇಗ. ಬಲವಂತೂ ಗಾತ್ರಕ್ಕಿಂತ ವೇಗವಾಗಿ ಇಳಿಯುತ್ತೆ. ಆರೋಗ್ಯವಂತ ಹಿರಿಯರೇ 10 ದಿನ ಹಾಸಿಗೆಯಲ್ಲಿ ಮಲಗಿದರೆ ಕಾಲುಗಳಿಂದ ಸುಮಾರು 1 ಕಿಲೋ ಸ್ನಾಯು ಹೋಗಬಹುದು. ಜ್ವರ ಬಿಟ್ಟ ಮೇಲೂ "ಏಳಬೇಡಿ, ಎಲ್ಲ ಇಲ್ಲಿಗೇ ತಂದುಕೊಡ್ತೀವಿ" ಅಂತ ಪ್ರೀತಿಯಿಂದ ಮಲಗಿಸೋದು ಎಷ್ಟು ನಷ್ಟ ಅಂತ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಮರಳಿ ಪಡೆಯೋದು ಸಾಧ್ಯ, 80ರಲ್ಲೂ. ಅದೇ ಕುರ್ಚಿಯಿಂದ 8–10 ಸಲ ಎದ್ದು ಕೂರುವುದು ಒಂದು ಸುತ್ತು. ಅಂಥ 2 ಸುತ್ತು, ವಾರಕ್ಕೆ 2–3 ದಿನ. ಸುಲಭ ಅನ್ನಿಸಿದ ಮೇಲೆ ಕುರ್ಚಿ ಸ್ವಲ್ಪ ತಗ್ಗಿನದು ಮಾಡಿ. ಬರೀ ವಾಕಿಂಗ್‌ನಿಂದ ತೊಡೆಯ ಬಲ ಅಷ್ಟಾಗಿ ಬೆಳೆಯಲ್ಲ. ಜೊತೆಗೆ ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ ದಿನಕ್ಕೆ 60–72 ಗ್ರಾಂ, ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಶ್ರವಣ_ತಜ್ಞೆ

ಜನರಿಂದ ದೂರವಾಗುವುದರ ಬಗ್ಗೆ ಕೇಳಿದ್ದೀರಿ. ಮನಸ್ಸಿನ ಕಡೆ ಹೋಗುವ ಮೊದಲು ಕಿವಿ ನೋಡಿ. ವಯಸ್ಸಿನ ಕಿವುಡು ಮೊದಲು ತೆಗೆಯುವುದು ತೀಕ್ಷ್ಣ ಸ್ವರದ ಶಬ್ದಗಳನ್ನು. ಸ, ಶ, ಚ, ಟ, ಕ ಮಸುಕಾಗುತ್ತವೆ. ಆ, ಓ, ಊ ಚೆನ್ನಾಗಿಯೇ ಕೇಳಿಸುತ್ತವೆ. "ಕೇಳ್ಸುತ್ತೆ, ಏನಂದ್ರೋ ಗೊತ್ತಾಗಲ್ಲ" ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ. ಕಿರುಚಿದರೆ ಸ್ವರಗಳಷ್ಟೇ ದೊಡ್ಡದಾಗುತ್ತವೆ, ವ್ಯಂಜನ ಹಾಗೆಯೇ ಉಳಿಯುತ್ತದೆ, ಮೇಲೆ ಬೈದಂತೆ ಬೇರೆ ಕೇಳಿಸುತ್ತದೆ. ಟಿವಿ ಆರಿಸಿ, ಒಂದು ಮೀಟರ್ ಹತ್ತಿರ ಎದುರಿಗೆ ಕೂತು, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು, ಕಿರುಚದೆ, ದನಿಯ ತೀಕ್ಷ್ಣತೆ ತಗ್ಗಿಸಿ ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದ ಬಳಸಿ. ಗುಗ್ಗೆ ತುಂಬಿದ್ದರೂ ಹೀಗಾಗುತ್ತದೆ, ಮೊದಲು ಅದನ್ನು ತೆಗೆಸಿ. ಕಿವಿಯ ಯಂತ್ರ ಹಾಕಿದ ಮೊದಲ ದಿನವೇ ಎಲ್ಲ ಸರಿಹೋಗುವುದಿಲ್ಲ. ಪಾತ್ರೆ ಸದ್ದು, ಫ್ಯಾನ್ ಸದ್ದು ಕರ್ಕಶವಾಗಿ ಕೇಳಿಸಿ ಡ್ರಾಯರಿಗೆ ಹಾಕಿಬಿಡುತ್ತಾರೆ. ಮೆದುಳು ಹೊಂದಿಕೊಳ್ಳಲು ಕೆಲವು ವಾರ ಬೇಕು. ನಿಶ್ಶಬ್ದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ.

ಮನೋವಿಜ್ಞಾನ_ಬೋಧಕ

ಮೇಲಿನ ಮಾತಿಗೆ ಒಂದು ಸೇರಿಕೆ. ಬಳಗ ಚಿಕ್ಕದಾಯಿತು ಎಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಮುಂದಿರುವ ಕಾಲ ಕಡಿಮೆ ಎಂದು ಅನ್ನಿಸತೊಡಗಿದಾಗ ಮನುಷ್ಯ ಪರಿಚಯಸ್ಥರನ್ನು ಬಿಟ್ಟು ಆಪ್ತರನ್ನು ಉಳಿಸಿಕೊಳ್ಳುತ್ತಾನೆ ಎಂದು ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ಅವರ ಸಿದ್ಧಾಂತ ಹೇಳುತ್ತದೆ. ಒಂಟಿಯಾಗಿರುವುದೂ ಒಂಟಿತನವೂ ಒಂದೇ ಅಲ್ಲ. ಹಾಗಾಗಿ ಎಷ್ಟು ಜನ ಬಂದುಹೋಗುತ್ತಾರೆ ಎಂದು ಎಣಿಸದೆ, ಆಪ್ತರು ಬಂದಾಗ ಮುಖ ಅರಳುತ್ತದೆಯೇ ನೋಡಿ. ಅದೂ ಇಲ್ಲವಾಗಿ, ಮೊದಲು ಇಷ್ಟಪಡುತ್ತಿದ್ದ ಕೆಲಸ ಬೇಡವಾಗಿ, ನಿದ್ದೆ, ಹಸಿವು ಕೆಟ್ಟು 2 ವಾರ ದಾಟಿದರೆ ಖಿನ್ನತೆ ಇರಬಹುದು. ಹಿರಿಯರು "ಬೇಜಾರು" ಎನ್ನುವುದಕ್ಕಿಂತ ಮೈಕೈ ನೋವು, ಹೊಟ್ಟೆ ಸರಿಯಿಲ್ಲ ಎನ್ನುವುದೇ ಹೆಚ್ಚು. ಪ್ರಯತ್ನಿಸದೆಯೇ 6–12 ತಿಂಗಳಲ್ಲಿ ತೂಕ 5 ಶೇಕಡ ಇಳಿದಿದ್ದರೆ ಕಾರಣ ಹುಡುಕಲೇಬೇಕು.

ಮಗುವಿಗೆ ಮಾತಾಡಿಸುವ ದನಿಯಲ್ಲಿ ಹಿರಿಯರನ್ನು ಮಾತಾಡಿಸಬೇಡಿ ಎಂದೂ ಸೇರಿಸಿ. "ಊಟ ಮಾಡ್ತೀವಾ ನಾವು?" ಅನ್ನುವುದು ಅಕ್ಕರೆಯಂತೆ ಕಂಡರೂ, ಅವರ ಕೈಯಿಂದ ನಿರ್ಧಾರಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ.

ಆರೈಕೆ_ಕೈಪಿಡಿ

ತುಂಬಾ ಉಪಕಾರವಾಯಿತು. ಒಂದು ಉಳಿದಿದೆ: ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವುದು. ಬಿಪಿ ಮಷೀನಿನಲ್ಲಿ ಏನು ನೋಡಬೇಕು?

ಹಿರಿಯರ_ಚಿಕಿತ್ಸೆ

5 ನಿಮಿಷ ಮಲಗಿಸಿ ಬಿಪಿ ನೋಡಿ. ಎದ್ದು ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಬಿಪಿ ಬೀಳುತ್ತಿದೆ ಎಂದರ್ಥ. ಕೂತೇ ಅಳೆಯುವುದರಿಂದ ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಮಂಚದ ಅಂಚಿನಲ್ಲಿ ಕೂತು, ಪಾದ ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ, ಒಂದೆರಡು ನಿಮಿಷ ಬಿಟ್ಟು ಏಳಲಿ. ಮಂಚದಿಂದ ಬಚ್ಚಲವರೆಗೆ ನೆಲಮಟ್ಟದ ಮಂದ ದೀಪ ಇರಲಿ. 60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಮೂರನೇ ಒಂದರಷ್ಟು. ಬೀಳುವ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಬಾಯಾರಿಕೆಯೂ ಈ ವಯಸ್ಸಿನಲ್ಲಿ ಸರಿಯಾಗಿ ಆಗುವುದಿಲ್ಲ, ಹೀಗಾಗಿ ನೀರನ್ನು ಹಗಲಿಗೆ ಹಂಚಿ, ಮಲಗುವ 2 ಗಂಟೆ ಮೊದಲಿನಿಂದ ಕಡಿಮೆ ಮಾಡಿ.

ಆಮೇಲೆ ಮಾತ್ರೆಗಳು. ನಿದ್ದೆ ಮಾತ್ರೆ, ತೂಕಡಿಕೆ ತರುವ ನೆಗಡಿ ಮಾತ್ರೆ, ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಸುರಿಯಿರಿ. ಅಂಗಡಿಯಲ್ಲಿ ತಾವೇ ಕೊಂಡದ್ದೂ ಇರಲಿ. ಆತಂಕ, ನಿದ್ದೆಗೆ ಕೊಡುವ ಡಯಜೆಪಾಮ್‌ನಂಥ ಮಾತ್ರೆ ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತದೆ, ಆದರೂ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸಬಾರದು. ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ "ನಾರ್ಮಲ್" ಎಂದು ಬಂದಿದ್ದರೂ ನಂಬಿ ಕೂರಬೇಡಿ. ಸ್ನಾಯು ಕಡಿಮೆಯಾದವರಲ್ಲಿ ಅದು ಉತ್ಪತ್ತಿಯಾಗುವುದೇ ಕಡಿಮೆ. ವಯಸ್ಸು ಸೇರಿಸಿ ಲೆಕ್ಕ ಹಾಕಿದ ಮೂತ್ರಪಿಂಡದ ಸೋಸುವಿಕೆಯ ಪ್ರಮಾಣ ಎಷ್ಟು, ಅದಕ್ಕೆ ತಕ್ಕಂತೆ ಯಾವ ಮಾತ್ರೆಯ ಡೋಸ್ ಇಳಿಸಬೇಕು ಎಂದು ಕೇಳಿ ಬರೆದುಕೊಳ್ಳಿ.